ಉಸ್ತಾದರ ಕಾರಿಗೊಂದು ಹೆಡರು

ಹರಿಹರದ ಹೊಳೆದಂಡೆಯಲ್ಲಿ ಒಂದು ಗ್ಯಾರೇಜು ಇತ್ತು. ಊರವರು ಅದನ್ನು ಆಶ್ರಮ ಎನ್ನುತ್ತಿದ್ದರು. ಮೊದಮೊದಲು ತಮಾಷೆಗೆ, ಆಮೇಲೆ ರೂಢಿಗೆ.

ಅಲ್ಲಿನ ಗುರು ಖಾದರಲಿಂಗ ಉಸ್ತಾದ್. ತಲೆಗೆ ಬಿಳಿ ಟೋಪಿ, ಹೆಗಲಿಗೆ ಎಣ್ಣೆ ಕುಡಿದ ಟವೆಲು. ಮಾತು ಕಡಿಮೆ, ನಗು ಜಾಸ್ತಿ. ಸಿಟ್ಟು ಬಂದರೆ ಮಾತ್ರ ದೇವರೇ ಗತಿ.

ಶಿಷ್ಯ ಹಾಲೇಶ. ಸ್ಪ್ಯಾನರು ಹಿಡಿಯಲೂ ಬಾರದ ಕಾಲದಲ್ಲಿ ಬಂದವನು, ಈಗ ಎಂಜಿನ್ನಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುವಷ್ಟು ಪಳಗಿದ್ದ.

ಆ ಆಶ್ರಮಕ್ಕೊಂದು ಪದ್ಧತಿ ಇತ್ತು. ವಿದ್ಯೆ ಮುಗಿದ ಶಿಷ್ಯ ಉಸ್ತಾದರ ಸ್ವಂತ ಕಾರಿಗೆ ಒಂದೇ ಒಂದು ಭಾಗವನ್ನು ತಾನೇ ಆರಿಸಿ ತಂದು ಹಾಕಬೇಕು. ಯಾವುದು ಎಂದು ಉಸ್ತಾದರನ್ನು ಕೇಳುವಂತಿಲ್ಲ. ಉಸ್ತಾದ್ ಓಡಿಸಿ ನೋಡುತ್ತಾರೆ. ಒಪ್ಪಿಗೆಯಾದರೆ ‘ಹೋಗಿ ಬಾ’ ಎನ್ನುತ್ತಾರೆ. ಒಪ್ಪಿಗೆಯಾಗದಿದ್ದರೆ ಆ ಭಾಗವನ್ನು ಬಿಚ್ಚಿ ಅಂಗಳದ ಬೇವಿನ ಮರಕ್ಕೆ ನೇತುಹಾಕುತ್ತಾರೆ.

ಹಾಗಾಗಿ ಉಸ್ತಾದರ ಬಿಳಿ ಕಾರಿನಲ್ಲಿ ಒಬ್ಬೊಬ್ಬ ಶಿಷ್ಯ ಒಂದೊಂದು ಕಡೆ ಕೂತಿದ್ದ. ಹಾರ್ನು ದುರುಗೇಶನದು, ಬ್ರೇಕು ಇನ್ನೊಬ್ಬನದು, ಹಿಂದಿನ ಸೀಟು ಮತ್ತೊಬ್ಬನದು. ಮಾಡಿದ ಕಂಪನಿಯವರೇ ಬಂದರೂ ತಮ್ಮ ಕೂಸನ್ನು ಗುರುತು ಹಿಡಿಯುತ್ತಿರಲಿಲ್ಲ.

ಬೇವಿನ ಮರದಲ್ಲಿ ಕಾಯಿಗಿಂತ ಕಬ್ಬಿಣವೇ ಹೆಚ್ಚಿತ್ತು. ಗಾಳಿ ಬೀಸಿದರೆ ಗಣಗಣ ಎನ್ನುತ್ತಿತ್ತು. ಹೊಸಬರು ಹರಕೆ ಗಂಟೆ ಎಂದುಕೊಂಡು ಕೈ ಮುಗಿಯುತ್ತಿದ್ದರು.

‘ಹೋಗಿ ಬಾ’ ಎಂಬುದೇ ಅಲ್ಲಿನ ಸರ್ಟಿಫಿಕೇಟು. ಸುತ್ತಲಿನ ಊರುಗಳಲ್ಲಿ ಯಾರಾದರೂ ಹೊಸ ಶೆಡ್ಡು ತೆಗೆದರೆ ಜನ ಮೊದಲು ಕೇಳುತ್ತಿದ್ದುದು ಒಂದೇ ಮಾತು. “ಉಸ್ತಾದ್ರು ಹೋಗಿ ಬಾ ಅಂದಾರೇನಪ್ಪ?”

ಹಾಲೇಶ ನಂದಿಗುಡಿ ಕ್ರಾಸಿನಲ್ಲಿ ಶೆಡ್ಡು ನೋಡಿಟ್ಟಿದ್ದ. ಅವನ ಅಪ್ಪ ಒಂದು ಹೆಜ್ಜೆ ಮುಂದೆ ಹೋಗಿ ಬೋರ್ಡನ್ನೂ ಬರೆಸಿ, ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದ. ಉಸ್ತಾದರ ಬಾಯಿಂದ ಆ ಎರಡು ಮಾತು ಬೀಳುವುದೊಂದೇ ಬಾಕಿ. ಹಾಲೇಶನಿಗೆ ಊಟ ಮಾಡುವಾಗಲೂ ಅದೇ ಧ್ಯಾನ.

ಒಂದು ಬೆಳಿಗ್ಗೆ ಅವನು ಹೋಗಿ ನಿಂತ.

“ಉಸ್ತಾದ್ರೆ, ನಾನೂ ಹಾಕ್ತೀನ್ರಿ.”

“ಏನ್ ಹಾಕ್ತೀಯ?”

“ಹೆಡರು.”

ಎಂಜಿನ್ನಿನ ನಾಲ್ಕು ಸಿಲಿಂಡರುಗಳು ಉಗುಳುವ ಹೊಗೆಯನ್ನು ಕೂಡಿಸಿ ಒಂದೇ ಪೈಪಿಗೆ ಕಳಿಸುವ ಭಾಗ ಅದು. ಕಾರಿನ ಜೊತೆ ಬರುವುದು ಬೀಡು ಕಬ್ಬಿಣದ್ದು, ದಪ್ಪ, ಒಳಗೆ ಇಕ್ಕಟ್ಟು. ರೇಸಿನವರು ಅದನ್ನು ಕಿತ್ತು ಉದ್ದುದ್ದ ಪೈಪಿನದು ಹಾಕುತ್ತಾರೆ. ಹೊಗೆ ಸಲೀಸಾಗಿ ಹೊರಗೆ ಹೋದಷ್ಟೂ ಎಂಜಿನ್ನಿಗೆ ಹುರುಪು. ಆ ಉದ್ದ ಪೈಪಿನದಕ್ಕೇ ಹೆಡರು ಎನ್ನುವುದು.

ಉಸ್ತಾದರ ಹುಬ್ಬು ಮೇಲೆ ಹೋಯಿತು. ಅಲ್ಲಿಯವರೆಗೆ ಯಾವ ಶಿಷ್ಯನೂ ಎಂಜಿನ್ನಿನ ಗಂಟಲಿಗೆ ಕೈ ಹಾಕಿರಲಿಲ್ಲ.

“ಹಾಕಪ್ಪ,” ಎಂದರು.

ಹಾಲೇಶ ದಾವಣಗೆರೆಯ ಬಸ್ಸು ಹತ್ತಿದ. ಅಲ್ಲಿ ದುರುಗೇಶನ ಬಿಡಿಭಾಗದ ಅಂಗಡಿ. ದುರುಗೇಶ ಅದೇ ಆಶ್ರಮದ ಹಳೆಯ ಶಿಷ್ಯ, ಈಗ ರೇಸು ಹುಡುಗರ ಕುಲದೇವರು.

“ಎಲ್ಲಕ್ಕಿಂತ ಜೋರಿಂದು ಯಾವ್ದಣ್ಣ?”

ದುರುಗೇಶ ಒಂದನ್ನು ಬಟ್ಟೆ ಸರಿಸಿ ತೋರಿಸಿದ. ನಾಲ್ಕು ಸ್ಟೀಲ್ ಪೈಪು ಬಾಗಿ ಬಳುಕಿ ಬಂದು ಒಂದೇ ಕಡೆ ಕೂಡುತ್ತಿದ್ದವು. ಮುಖ ನೋಡಿಕೊಂಡು ಗಡ್ಡ ಮಾಡಬಹುದು, ಅಷ್ಟು ಹೊಳಪು.

“ರೇಸಿನಾಗ ಗೆಲ್ಲೋರೆಲ್ಲ ಇದನ್ನೇ ಹಾಕೋದು,” ಎಂದ ದುರುಗೇಶ. “ಉಸ್ತಾದ್ರು ಮರಕ್ಕೆ ಹಾಕಿದ್ರೆ ಮಾತ್ರ ನನ್ನ ಹೆಸರು ಹೇಳಬ್ಯಾಡ.”

ಹಾಲೇಶ ಅದನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬಂದ. ಕಾರಿಗೆ ಕೂರಿಸಿದ. ಸ್ಟಾರ್ಟ್ ಮಾಡಿದರೆ ಹೊಳೆಯಾಚೆಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಹಾಲೇಶನ ಎದೆ ಉಬ್ಬಿತು.

ಉಸ್ತಾದ್ ಕೀಲಿ ಇಸಕೊಂಡರು. ಮನೆ ಕಡೆ ತಿರುಗಿ ಕೂಗಿದರು.

“ಚಾಂದಬೀ, ಸಂತೆಗೆ ಬರ್ತೀಯೇನು?”

ಉಸ್ತಾದರ ಹೆಂಡತಿ ಚಾಂದಬೀ ಚೀಲ ಹಿಡಿದು ಬಂದು ಕೂತರು. ಕಾರು ಗುಡುಗುತ್ತಾ ಹೋಯಿತು.

ಎಷ್ಟೋ ಹೊತ್ತಿನ ಮೇಲೆ ವಾಪಸು ಬಂದಿದ್ದು ಮೊದಲು ಚಾಂದಬೀ. ನಡೆದುಕೊಂಡು. ತಲೆಯ ಮೇಲೆ ಬದನೆಕಾಯಿ ಚೀಲ.

“ಚಾಚಿ, ಕಾರು ಎಲ್ಲೈತ್ರಿ?” ಹಾಲೇಶ ಗಾಬರಿಯಾದ.

“ಏರು ಹತ್ತಾಕ್ ಹತ್ತೈತಿ. ನಾನು ಅಲ್ಲೇ ಇಳಿದು ಬಂದೆ. ಬದನೆಕಾಯಿ ಬಾಡ್ತಾವಲ್ಲ.”

ಹೊಳೆಯಿಂದ ಗ್ಯಾರೇಜಿಗೆ ಬರುವ ಏರನ್ನು ಕಾರು ಮುಕ್ಕರಿಯುತ್ತಾ, ಕೆಮ್ಮುತ್ತಾ ಹತ್ತಿ ಬಂತು. ಸದ್ದು ಮಾತ್ರ ವಿಮಾನದ್ದು.

ಉಸ್ತಾದ್ ಇಳಿದರು. ಮುಖದಲ್ಲಿ ಸಿಟ್ಟಿರಲಿಲ್ಲ.

“ಇದರ ಬಲ ಎಲ್ಲೈತಿ ತಮ್ಮಾ?”

“ಮ್ಯಾಲೈತ್ರಿ. ಎಂಜಿನ್ನು ನಿಮಿಷಕ್ಕೆ ಐದು ಸಾವಿರ ಸುತ್ತು ದಾಟಿದ ಮ್ಯಾಲೆ ನೋಡ್ಬೇಕು ಅದನ್ನ!”

“ಆ ಊರಿಗೆ ನಾನು ಹೋಗಂಗಿಲ್ಲಪ್ಪ,” ಎಂದರು ಉಸ್ತಾದ್.

ಸಂಜೆಯೊಳಗೆ ಹೊಳೆಯುವ ಹೆಡರು ಬೇವಿನ ಮರದಲ್ಲಿತ್ತು. ಕಾಗೆಯೊಂದು ಬಂದು ಅದರಲ್ಲಿ ತನ್ನ ಮುಖ ನೋಡಿಕೊಂಡು ಹೋಯಿತು. ಹಾಲೇಶ ಇಂಗು ತಿಂದ ಮಂಗನ ಹಾಗೆ ಕೂತಿದ್ದ.

ಆದರೂ ಅವನು ದಡ್ಡನಲ್ಲ. ಉಸ್ತಾದರ ಕಾರು ಹೋಗುವುದೆಲ್ಲಿಗೆ? ಸಂತೆಗೆ, ಏರಿಗೆ, ನಾದಿನಿ ಮನೆಗೆ. ಅದಕ್ಕೆ ಬೇಕಾದ ಬಲ ನಿಧಾನದ ಓಟದಲ್ಲಿ, ಅಂದರೆ ಕೆಳಗೆ. ನಾಲ್ಕು ಪೈಪು ಮೊದಲು ಎರಡೆರಡಾಗಿ ಜೋಡಿಯಾಗಿ, ಆಮೇಲೆ ಆ ಎರಡು ಒಂದಾಗುವ ಹೆಡರು ಇದೆಯಲ್ಲ, ಅದು ಇದಕ್ಕೆ ಸರಿ.

ಅವನು ಮತ್ತೆ ದಾವಣಗೆರೆಗೆ ಹೋದ.

“ನನ್ನ ಹೆಸರು ಹೇಳಿದೆಯೇನು?” ದುರುಗೇಶ ಕೇಳಿದ.

“ಇಲ್ಲಣ್ಣ.”

“ಹಂಗಾದ್ರೆ ಒಳಗ್ ಬಾ.”

ಎರಡನೆಯದನ್ನು ಕೂರಿಸಿದ ದಿನ ಉಸ್ತಾದ್ ಚಾಂದಬೀಯನ್ನೂ, ಒಂದು ಮೂಟೆ ಅಕ್ಕಿಯನ್ನೂ ಹಾಕಿಕೊಂಡು ಬಂದರು. ಕಾರು ಏರನ್ನು ಬೆಣ್ಣೆಯ ಮೇಲೆ ಜಾರಿದಂತೆ ಹತ್ತಿತು. ಚಾಂದಬೀ ಕಿಟಕಿಯಿಂದ ಕೈ ಬೀಸಿದರು. ಉಸ್ತಾದ್ ಏನೋ ಗುನುಗುತ್ತಿದ್ದರು.

ಹಾಲೇಶ ಹಿಗ್ಗಿ ಹೀರೇಕಾಯಿಯಾದ. ಬೋರ್ಡು ಗೋಡೆಯ ಕಡೆಯಿಂದ ಮುಖ ತಿರುಗಿಸಿದ್ದು ಅವನ ಕಣ್ಣಿಗೇ ಕಂಡಂತಾಯಿತು.

“ಚಲೋ ಎಳಿತೈತಿ,” ಎಂದರು ಉಸ್ತಾದ್.

“ಹೌದ್ರಿ!”

“ಹಂಗೇ ಆಯಿಲ್ ಫಿಲ್ಟರು ಬದಲಾಯ್ಸಿಬಿಡು. ಭಾಳ ದಿನ ಆತು.”

ಇದೇನು ದೊಡ್ಡ ಕೆಲಸ ಎಂದುಕೊಂಡು ಹಾಲೇಶ ಬಾನೆಟ್ಟು ಎತ್ತಿದ. ಕೈ ಹಾಕಿದ. ಕೈ ಒಳಗೆ ಹೋಗಲಿಲ್ಲ. ಹೊಸ ಹೆಡರಿನ ಎರಡು ಪೈಪು ಸರಿಯಾಗಿ ಫಿಲ್ಟರಿನ ಮುಂದೆ ಅಡ್ಡ ಕೂತಿದ್ದವು, ಬಾಗಿಲಲ್ಲಿ ಮಲಗಿದ ಎಮ್ಮೆಯ ಹಾಗೆ.

ಮೇಲಿಂದ ನೋಡಿದ. ಕೆಳಗಿಂದ ತೂರಿಸಿದ. ಬಿಸಿ ಪೈಪಿಗೆ ಮುಂಗೈ ತಾಗಿ ಚುರ್ ಎಂದಿತು. “ಅಯ್ಯಪ್ಪಾ!” ಎಂದು ಕೈ ಕೊಡವಿದ. ಮತ್ತೆ ತೂರಿಸಿದ, ಮತ್ತೆ ಸುಟ್ಟುಕೊಂಡ. ಕೊನೆಗೆ ಹೆಡರನ್ನೇ ಪೂರ್ತಿ ಬಿಚ್ಚಿ ಕೆಳಗಿಟ್ಟು ಫಿಲ್ಟರು ಬದಲಾಯಿಸುವಷ್ಟರಲ್ಲಿ ಹೊತ್ತು ಮುಳುಗುತ್ತಾ ಬಂದಿತ್ತು.

ಉಸ್ತಾದ್ ಅಷ್ಟೂ ಹೊತ್ತು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು.

“ಇದನ್ನ ಹಾಕ್ದೋನು ಯಾರು?”

“ನಾನ್ರಿ.”

“ನಾಳೆ ಬಿಚ್ಚೋನು?”

“ಯಾವನೋ ಒಬ್ಬ ಇರ್ತಾನ್ ಬಿಡ್ರಿ.”

ಉಸ್ತಾದ್ ಎದ್ದು ಬಂದರು. ಹಾಲೇಶನ ಸುಟ್ಟ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು, ಕೊಬ್ಬರಿ ಎಣ್ಣೆ ಹಚ್ಚಿದರು. ಮೆಲ್ಲಗೆ, ಬೆರಳಿನ ತುದಿಯಿಂದ.

“ಉರಿತೈತಾ?”

“ಹೌದ್ರಿ.”

“ಆ ಯಾವನೋ ಒಬ್ಬಂಗೂ ಇಷ್ಟೇ ಉರಿತೈತಿ.”

ಎರಡನೆಯ ಹೆಡರೂ ಮರ ಸೇರಿತು. ಈಗ ಗಾಳಿ ಬಂದರೆ ಮೊದಲನೆಯದಕ್ಕೂ ಎರಡನೆಯದಕ್ಕೂ ಜಗಳವಾಗುತ್ತಿತ್ತು.

ಹಾಲೇಶ ಯೋಚನೆಗೆ ಬಿದ್ದ. ಹೊಳೆಯ ಮೆಟ್ಟಿಲ ಮೇಲೆ ಕೂತು ನೀರು ನೋಡಿದ. ಗುರುಗಳ ಕಥೆ ಅವನೂ ಬೇಕಾದಷ್ಟು ಕೇಳಿದ್ದ. ಅವುಗಳಲ್ಲೆಲ್ಲ ಕೊನೆಗೆ ಗೆಲ್ಲುವವನು ಎಲ್ಲ ಬಿಟ್ಟವನು. ಆಸೆ ಬಿಟ್ಟರೆ ಗುರು ಮೆಚ್ಚುತ್ತಾನೆ, ತಲೆ ಮೇಲೆ ಕೈ ಇಡುತ್ತಾನೆ. ಥತ್, ಇಷ್ಟು ಸುಲಭದ್ದು ಹೊಳೆಯಲಿಲ್ಲವಲ್ಲ ಎಂದು ತೊಡೆ ತಟ್ಟಿಕೊಂಡು ಎದ್ದ.

ಕಾರಿನಿಂದ ಬಿಚ್ಚಿ ಮೂಲೆಗಿಟ್ಟಿದ್ದ ಹಳೆಯ ಬೀಡಿನದನ್ನೇ ತಂದ. ತುಕ್ಕು ಉಜ್ಜಿದ, ಸೀಮೆಎಣ್ಣೆಯಲ್ಲಿ ತೊಳೆದ, ಬೆಳ್ಳಿ ಬಣ್ಣ ಬಳಿದ. ಮೂರು ಎಳೆ ವಿಭೂತಿಯನ್ನೂ ಹಚ್ಚಿದ. ಕಾರಿಗೆ ಕೂರಿಸಿ, ಬಾನೆಟ್ಟು ಎತ್ತಿಟ್ಟು, ಕೈ ಕಟ್ಟಿಕೊಂಡು ನಿಂತ. ಮುಖದಲ್ಲಿ ವೈರಾಗ್ಯ ತುಂಬಿ ತುಳುಕುತ್ತಿತ್ತು.

ಉಸ್ತಾದ್ ಬಂದು ಬಗ್ಗಿ ನೋಡಿದರು.

“ಏನಿದು?”

“ಮೊದಲು ಇದ್ದಿದ್ದೇ ದೊಡ್ಡದು ಉಸ್ತಾದ್ರೆ. ಹೊಸದರ ಆಸೆ ಬಿಟ್ಟೆ.”

ಉಸ್ತಾದರ ಮುಖ ಕೆಂಪಾಯಿತು. ಬಾನೆಟ್ಟು ದಢಾರನೆ ಬಿತ್ತು. ಮರದ ಕಾಗೆಗಳು ಎದ್ದವು.

“ಆಸೆ ಬಿಟ್ಟೆಯಾ? ಯಾವನ್ಲೇ ನಿನಗೆ ಆಸೆ ಬಿಡು ಅಂದೋನು? ಹೆಡರು ಹಾಕ್ತೀನಿ ಅಂದಾಗ ನಿನ್ನ ಕಣ್ಣು ಹೆಂಗಿತ್ತು ಗೊತ್ತೈತಾ? ಅದನ್ನ ನೋಡೇ ನಾನು ಹಾಕಪ್ಪ ಅಂದಿದ್ದು!”

ಹಾಲೇಶ ಸ್ಪ್ಯಾನರಿಗೆ ಕೈ ಹಾಕಿದ. “ತಪ್ಪಾತ್ರಿ. ಮರಕ್ಕೆ ಹಾಕ್ಲಾ?”

“ಮರ ಇರೋದು ತಪ್ಪಿಗೆ. ಇದು ತಪ್ಪೂ ಅಲ್ಲ. ನೀನು ಆರಿಸೇ ಇಲ್ಲಲ್ಲೋ, ಹೆದರಿದೀಯ ಅಷ್ಟೇ.”

ಹಾಲೇಶನಿಗೆ ಅಳು ಬಂತು. ನಿಜವಾಗಿಯೂ ಬಂತು, ಇಷ್ಟು ದೊಡ್ಡ ಗಡ್ಡ ಇಟ್ಟುಕೊಂಡು.

“ಹಂಗಾದ್ರೆ ನಿಮಗೆ ಯಾವ್ದು ಬೇಕು, ಒಂದು ಮಾತು ಹೇಳ್ರಿ ಉಸ್ತಾದ್ರೆ. ತಂದು ಹಾಕ್ತೀನಿ. ಮೂರು ಸಲನೂ ನಿಮ್ಮ ಮುಖ ನೋಡಿ ನೋಡಿ ಸಾಕಾತು ನನಗೆ. ಈಗ ನಗ್ತಾರಾ, ಈಗ ಸಿಟ್ಟಾಗ್ತಾರಾ, ಈಗ ಅಂತಾರಾ ‘ಹೋಗಿ ಬಾ’ ಅಂತ.”

ಉಸ್ತಾದ್ ಸ್ಟೂಲು ಎಳೆದು ಕಾರಿನ ಪಕ್ಕ ಕೂತರು. ಹೆಗಲ ಮೇಲಿನ ಟವೆಲನ್ನು ಬಿಡಿಸಿ ಮುಖದ ತುಂಬ ಹೊದ್ದುಕೊಂಡರು.

“ಈಗ ನೋಡು. ನನ್ನ ಮುಖದಾಗ ಏನು ಕಾಣ್ತೈತಿ?” ಟವೆಲಿನೊಳಗಿಂದ ದನಿ ಬಂತು.

“ಏನೂ ಕಾಣಂಗಿಲ್ರಿ.”

“ಹಂಗಾದ್ರೆ ಕಾರು ನೋಡು.”

ಹಾಲೇಶ ಕಾರಿನ ಕಡೆ ತಿರುಗಿದ. ಚಾಂದಬೀ ಚಹಾ ಹಿಡಿದು ಬಂದವರು ಗಂಡನನ್ನು ನೋಡಿ ನಿಂತರು.

“ಇದೇನು, ಈ ವಯಸ್ಸಿನಾಗ ಮದುಮಗಳ ಥರ?”

“ಹುಡುಗ ಕಾರು ನೋಡಾಕ್ ಹತ್ಯಾನ. ಸುಮ್ಕಿರು,” ಎಂದಿತು ಟವೆಲು.

“ಚಹಾ?”

“ಇಲ್ಲಿ ಕೊಡು.” ಟವೆಲಿನಡಿಯಿಂದ ಒಂದು ಕೈ ಹೊರಬಂದು ಲೋಟ ಹಿಡಿದು ಒಳಗೆ ಹೋಯಿತು.

ಹಾಲೇಶನಿಗೆ ನಗು ತಡೆಯಲಾಗಲಿಲ್ಲ. ಚಾಂದಬೀಯೂ ನಕ್ಕರು. ಟವೆಲು ಕೂಡ ಅಲುಗಾಡಿತು. ನಗು ಇಳಿದ ಮೇಲೆ ನೋಡಿದರೆ, ಎದುರಿಗೆ ನಿಜಕ್ಕೂ ಕಾರೊಂದೇ ಇತ್ತು.

ಅವನು ಬಾನೆಟ್ಟು ಎತ್ತಿದ. ಕೀಲಿ ತಿರುಗಿಸಿದ. ಎಂಜಿನ್ನಿನ ಬದಿಯಲ್ಲಿ ಮೊಣಕಾಲೂರಿ ಕೂತು ಸದ್ದು ಕೇಳಿದ. ಹೊಗೆ ಹೊರಗೆ ಹೋಗಲು ಎಲ್ಲಿ ತಿಣುಕುತ್ತಿದೆ, ಎಲ್ಲಿ ಜಾಗ ಇದೆ, ಎಲ್ಲಿ ಇಲ್ಲ, ಫಿಲ್ಟರಿಗೆ ಕೈ ಯಾವ ದಾರಿಯಿಂದ ಬರುತ್ತದೆ, ಎಲ್ಲ ನೋಡಿದ. ಹಗ್ಗ ತಂದು ಒಂದೊಂದು ಪೈಪು ಹೋಗಬಹುದಾದ ದಾರಿಗೆ ಬಳಸಿ ಗಂಟು ಹಾಕಿಟ್ಟುಕೊಂಡ. ಉಸ್ತಾದ್ ಯಾವಾಗ ಟವೆಲು ತೆಗೆದು ಎದ್ದು ಹೋದರೋ ಅವನಿಗೆ ಗೊತ್ತಾಗಲಿಲ್ಲ.

ಮರುದಿನ ದುರುಗೇಶನ ಅಂಗಡಿಯಲ್ಲಿ ಅವನು ಮುಂದಿನ ಕಪಾಟಿನ ಕಡೆ ಹೋಗಲೇ ಇಲ್ಲ. ಹಿಂದಿನ ಕೋಣೆಯ ರಾಶಿಯ ಮುಂದೆ ಕೂತ.

“ಅದು ಯಾರೂ ಮೂಸದ ಮಾಲು ಮಾರಾಯ,” ಎಂದ ದುರುಗೇಶ.

ಹಾಲೇಶ ಒಂದೊಂದು ಹೆಡರಿನ ಬಾಯಿಗೂ ಬೆರಳು ತೂರಿಸಿ ನೋಡಿದ. ಹೊರಗೆ ಹೊಳೆಯುವುದರ ಒಳಗೆ ವೆಲ್ಡಿಂಗಿನ ಹೆಕ್ಕಳೆ ಮುಳ್ಳಿನಂತೆ ಎದ್ದಿರುತ್ತಿತ್ತು. ಹೊಗೆ ಅಲ್ಲೇ ಎಡವುವುದು. ಬೆರಳಿಗೆ ಚುಚ್ಚಿದ್ದನ್ನೆಲ್ಲ ಪಕ್ಕಕ್ಕಿಟ್ಟ. ನುಣ್ಣಗಿದ್ದವುಗಳ ಮೇಲೆ ಹಗ್ಗ ಇಟ್ಟು ಅಳೆದ.

ಕೊನೆಗೆ ಒಂದು ಸಿಕ್ಕಿತು. ಕರ್ರಗಿತ್ತು. ಪೈಪು ಗಿಡ್ಡ, ಎರಡೆರಡಾಗಿ ಕೂಡಿ ಒಂದಾಗುವ ಜಾತಿ. ಎಂಜಿನ್ನಿಗೆ ಬಿಗಿಯುವ ಪಟ್ಟಿ ಮಾತ್ರ ಭದ್ರವಾಗಿ ದಪ್ಪಗಿತ್ತು. ಒಳಗೆ ಬೆರಳು ಓಡಿದರೆ ಎಲ್ಲೂ ತಡೆ ಇಲ್ಲ. ಹಗ್ಗ ಇಟ್ಟರೆ ಫಿಲ್ಟರಿನ ದಾರಿ ಬಿಟ್ಟು ಸುತ್ತಿಕೊಂಡು ಹೋಗುತ್ತಿತ್ತು.

“ಇದಾ?” ದುರುಗೇಶ ಮೂಗು ಮುರಿದ. “ಇದನ್ನ ಉಸ್ತಾದ್ರು ಒಪ್ತಾರಾ?”

“ಯಾರು?” ಎಂದ ಹಾಲೇಶ. ಅವನ ಬೆರಳು ಇನ್ನೂ ಪೈಪಿನೊಳಗೇ ಇತ್ತು.

ಆಮೇಲಿನ ದಿನಗಳು ಹಾಲೇಶನಿಗೆ ಹಬ್ಬ. ಎಂಜಿನ್ನಿನ ತೂತಿಗೂ ಹೆಡರಿನ ತೂತಿಗೂ ಕೂದಲೆಳೆಯಷ್ಟು ವ್ಯತ್ಯಾಸ ಇತ್ತು. ಬೇರೆಯವರಾಗಿದ್ದರೆ ಬಿಡುತ್ತಿದ್ದರು. ಅವನು ಅರ ಹಿಡಿದು ಉಜ್ಜಿದ. ಉಜ್ಜಿ ಬೆರಳಿಟ್ಟು ನೋಡುವುದು, ಮತ್ತೆ ಉಜ್ಜುವುದು. ಬಾಯಲ್ಲಿ ಭಜನೆಯ ಹಾಡು, ಅದೂ ಅರ್ಧ ಮರೆತದ್ದು, ಮರೆತ ಕಡೆ ‘ಲಾ ಲಾ’ ಎಂದು ತುಂಬಿಸುತ್ತಿದ್ದ.

“ಹಾಲೇಶಿ, ಊಟಕ್ಕ್ ಬಾ!” ಚಾಂದಬೀ ಕೂಗುವರು.

“ಬಂದೇ ಚಾಚಿ!”

ಬರುತ್ತಿರಲಿಲ್ಲ. ಚಾಂದಬೀ ರೊಟ್ಟಿ ಸುರುಳಿ ಸುತ್ತಿ ತಂದು ಅವನ ಬಾಯಿಗೇ ಇಟ್ಟು ಹೋಗುತ್ತಿದ್ದರು. ಕೈಯೆಲ್ಲ ಮಸಿ. ಮುಖದಲ್ಲಿ ಹಲ್ಲು ಮಾತ್ರ ಬಿಳಿ.

ಎಲ್ಲ ಬಿಗಿದು ಸ್ಟಾರ್ಟ್ ಮಾಡಿದ. ಈ ಸಲ ಹೊಳೆಯಾಚೆಯ ನಾಯಿಗಳು ಬೊಗಳಲಿಲ್ಲ. ಎಂಜಿನ್ನು ಹೊಟ್ಟೆ ತುಂಬ ಉಂಡವನ ಹಾಗೆ ಗುರ್ ಎಂದಿತು.

ಚಾಂದಬೀ ಬಾಗಿಲಿಗೆ ಬಂದರು.

“ಮುಗೀತೇನೋ? ನನ್ನ ತಂಗಿ ಮನಿಗೆ ಬಿಟ್ ಬರ್ತೀಯಾ? ಆಕಿಗೆ ಉಪ್ಪಿನಕಾಯಿ ಕೊಡೋದೈತಿ.”

“ಬರ್ರಿ ಚಾಚಿ!”

ಕಾರು ಏರು ಇಳಿಯಿತು, ಸೇತುವೆ ದಾಟಿತು, ಉಪ್ಪಿನಕಾಯಿ ಮುಟ್ಟಿಸಿತು. ವಾಪಸು ಬರುವಾಗ ಹಾಲೇಶ ನೆಟ್ಟಗೆ ಬರಲಿಲ್ಲ. ಭದ್ರಾ ಕಾಲುವೆಯ ಚಾನಲ್ ರಸ್ತೆಗೆ ತಿರುಗಿಸಿದ. ಎರಡೂ ಕಡೆ ಹಸಿರು ಗದ್ದೆ, ಮುಂದೆ ಕಣ್ಣು ಹೋಗುವಷ್ಟು ದೂರ ಖಾಲಿ ರಸ್ತೆ. ಕಾಲು ಒತ್ತಿದ.

ಎಂಜಿನ್ನು ಕೆಳಗಿನಿಂದಲೇ ಎತ್ತಿಕೊಂಡಿತು. ತಿಣುಕಲಿಲ್ಲ, ಎಡವಲಿಲ್ಲ. ಗಾಳಿ ಒಳಗೆ ನುಗ್ಗಿ ಚಾಂದಬೀಯ ಸೆರಗು ಹಾರಿತು. ಕೊಕ್ಕರೆಗಳು ಗದ್ದೆಯಿಂದ ಎದ್ದು ಸ್ವಲ್ಪ ದೂರ ಕಾರಿನ ಜೊತೆಗೇ ಬಂದವು. ಹಾಲೇಶ ‘ಹೋಯ್!’ ಎಂದು ಕೂಗಿಬಿಟ್ಟ. ಅವನಿಗೆ ಅಷ್ಟು ಸಂತೋಷವಾಗಿತ್ತು.

“ಇನ್ನೂ ಒತ್ತೋ!” ಎಂದರು ಚಾಂದಬೀ.

ರಸ್ತೆ ಮುಗಿಯುವ ಕಡೆ ಕಾರು ನಿಧಾನವಾಯಿತು. ಆಗ ಹಾಲೇಶನಿಗೆ ಥಟ್ಟನೆ ನೆನಪಾಯಿತು.

“ಚಾಚಿ, ಉಸ್ತಾದ್ರನ್ನ ಕೇಳ್ದೇನೇ ಕಾರು ತಂದೀನಿ!” ಯಾವ ಶಿಷ್ಯನೂ ಹಾಗೆ ಮಾಡಿರಲಿಲ್ಲ. ಮೊದಲು ಓಡಿಸಬೇಕಾದವರು ಉಸ್ತಾದ್.

“ಈಗ ನೆನಪಾತೇನು?” ಚಾಂದಬೀ ನಕ್ಕರು. “ನಾವು ಹೊಂಡುವಾಗ ಅವ್ರು ಮರದ ಕೆಳಗೇ ನಿಂತಿದ್ರು. ನೀನು ಅವರ ಪಕ್ಕದಾಗೇ ಕಾರು ತಗಂಡು ಹೋದೆ. ಕಣ್ಣೆತ್ತಿ ಸೈತ ನೋಡ್ಲಿಲ್ಲ.”

“ಸಿಟ್ಟಾಗಿದ್ರೇನ್ರಿ?”

“ದಾರಿ ಬಿಟ್ಟು ನಿಂತ್ಕಂಡ್ರಪ್ಪ.”

ಗ್ಯಾರೇಜಿಗೆ ಬಂದಾಗ ಉಸ್ತಾದ್ ಸ್ಟೂಲಿನ ಮೇಲಿದ್ದರು. ಹಾಲೇಶ ಇಳಿದ. ಕ್ಷಮೆ ಕೇಳಬೇಕು ಎಂದುಕೊಂಡೇ ಬಂದಿದ್ದ. ಅಷ್ಟರಲ್ಲಿ ಅವನ ಕಿವಿ ಎಂಜಿನ್ನಿನ ಕಡೆ ಹೋಯಿತು. ಬಗ್ಗಿ ಕೇಳಿದ.

“ಹೆಂಗೈತಿ?” ಉಸ್ತಾದ್ ಕೇಳಿದರು.

“ಕೆಳಗಿಂದ್ಲೇ ಎಳಿತೈತ್ರಿ. ಭಾಳ ಮ್ಯಾಲೆ ಹೋದ್ರೆ ಸ್ವಲ್ಪ ಸಾಕಪ್ಪ ಅಂತೈತಿ. ಇರ್ಲಿ, ಇದು ಆ ಕೆಲಸಕ್ಕೆ ಇರೋ ಕಾರಲ್ಲ. ಫಿಲ್ಟರಿಗೆ ಕೈ ಸಲೀಸು ಹೋಗ್ತೈತಿ, ಮೊದ್ಲೇ ನೋಡೀನಿ.”

“ಮತ್ತೆ?”

“ಮೂರನೇ ಪೈಪಿನ ಬುಡದಾಗ ಸಣ್ಣಗೆ ಟಿಕ್ ಟಿಕ್ ಅಂತೈತಿ. ಹೊಗೆ ಹಣಿಕಿ ಹಾಕ್ತೈತಿ ಅಲ್ಲಿ.”

“ನನಗೆ ಕೇಳ್ಸಲಿಲ್ಲ.”

“ಐತ್ರಿ,” ಎಂದ ಹಾಲೇಶ. “ಒಂದು ನಟ್ಟು ಸರಿಯಾಗಿ ಕೂತಿಲ್ಲ. ಇವತ್ತೇ ಮಾಡಿಬಿಡ್ತೀನಿ.”

ಸುಟ್ಟ ಕೈಗೆ ಬುದ್ಧಿ ಬಂದಿತ್ತು. ಎಂಜಿನ್ನು ಆರುವವರೆಗೆ ಕಾದ. ಆಮೇಲೆ ಗೋಣಿ ಹಾಸಿಕೊಂಡು ಕಾರಿನ ಕೆಳಗೆ ಜಾರಿದ. ಅಲ್ಲಿ ಮಲಗಿದ ಮೇಲೆ, ಸ್ಪ್ಯಾನರು ನಟ್ಟಿಗೆ ಕೂತ ಮೇಲೆ, ಮತ್ತೊಂದು ನೆನಪಾಯಿತು. ಉಸ್ತಾದ್ ‘ಹೋಗಿ ಬಾ’ ಎಂದಿರಲಿಲ್ಲ. ತಾನೂ ಕೇಳಿರಲಿಲ್ಲ. ಅಪ್ಪ ಬರೆಸಿಟ್ಟ ಬೋರ್ಡು ಕಣ್ಣ ಮುಂದೆ ಬಂತು.

ಆಮೇಲೆ ಕೇಳಿದರಾಯಿತು, ಮೊದಲು ಈ ನಟ್ಟು ಎಂದುಕೊಂಡು ಸ್ಪ್ಯಾನರು ತಿರುಗಿಸಿದ.

ಅಷ್ಟರಲ್ಲಿ ಅಂಗಳಕ್ಕೆ ಕೆಂಪು ಬಣ್ಣದ ಹೊಸ ಕಾರೊಂದು ಬಂದು ನಿಂತಿತು. ಕಾರಿನ ಕೆಳಗಿಂದ ಹಾಲೇಶನಿಗೆ ಒಂದು ಜೊತೆ ಬಿಳಿ ಬೂಟು ಕಂಡವು. ಬೂಟುಗಳು ಉಸ್ತಾದರ ಹವಾಯಿ ಚಪ್ಪಲಿಯ ಮುಂದೆ ಹೋಗಿ ನಿಂತವು.

“ಖಾದರಲಿಂಗ ಉಸ್ತಾದ್ರು ನೀವೇ ಅಲ್ವೇನ್ರಿ?” ಎಳೆಯ ದನಿ. “ಶಿವಮೊಗ್ಗದಿಂದ ನಿಮ್ಮ ಹೆಸರು ಕೇಳಿ ಬಂದೀನ್ರಿ. ನನ್ನ ಕಾರಿಗೆ ಹೆಡರ್ ಹಾಕಿಸ್ಬೇಕು. ಒಬ್ಬೊಬ್ರು ಒಂದೊಂದು ಹೇಳ್ತಾರೆ. ಯಾವ್ದು ಹಾಕ್ಲಿ, ನೀವೇ ಹೇಳಿಬಿಡ್ರಿ.”

ಹಾಲೇಶನ ಕೈಯಲ್ಲಿದ್ದ ಸ್ಪ್ಯಾನರು ನಿಂತಿತು. ಆಮೇಲೆ ಸ್ಟೂಲು ಎಳೆದ ಸದ್ದು ಕೇಳಿತು, ಟವೆಲಿನಿಂದ ಅದನ್ನು ಒರೆಸಿದ ಸದ್ದೂ ಕೇಳಿತು.

“ನನ್ನ ಯಾಕ್ ಕೇಳ್ತೀರಿ?” ಎಂದರು ಖಾದರಲಿಂಗ. “ಉಸ್ತಾದ್ರು ಕಾರಿನ ಕೆಳಗದಾರೆ. ಅವ್ರು ಕೆಲಸ ಮುಗಿಸಿ ಬರೋತನಕ ಕೂತ್ಕಳ್ರಿ, ನಾನು ಚಹಾ ತರ್ತೀನಿ.”